ಮೂವತ್ತೆಂಟು ಇಂಚಿನ ಕುಬಸ

ಡಿಸೆಂಬರ್ 2, 2024, ಸೋಮವಾರ

ಬ್ಯಾಂಕಿನವರು ಜನವರಿಯಲ್ಲಿ ಕೊಟ್ಟ ಈ ಡೈರಿ ಹನ್ನೊಂದು ತಿಂಗಳು ಕಪಾಟಿನಲ್ಲಿ ಖಾಲಿ ಬಿದ್ದಿತ್ತು. ಇವತ್ತು ತೆಗೆದೆ. ನನಗೆ ಹೇಳುವುದು ಬಹಳ ಇದೆ, ಕೇಳಬೇಕಾದವರು ಕಿವಿಯ ಮಷೀನು ತೆಗೆದು ಟೇಬಲ್ ಮೇಲೆ ಇಟ್ಟಿದ್ದಾರೆ. ಗುರಣ್ಣ ಎಂದು ಹೆಸರು, ಮೂವತ್ತೊಂಬತ್ತು ವರ್ಷದಿಂದ ನನ್ನ ಗಂಡ. ನಾನು ಮಾತಿನ ನಡುವೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮಷೀನು ತೆಗೆದುಬಿಡುತ್ತಾರೆ. ಇರಲಿ, ಡೈರಿಗೆ ಮಷೀನು ಬೇಕಿಲ್ಲ.

ನಡೆದದ್ದು ಇಷ್ಟು. ಜನವರಿ ಹನ್ನೆರಡಕ್ಕೆ ನಮ್ಮ ಹೈಸ್ಕೂಲಿನ 1996ರ ಬ್ಯಾಚಿನವರು ಗುರುವಂದನೆ ಇಟ್ಟುಕೊಂಡಿದ್ದಾರೆ. ಇದೇ ಅಫಜಲಪುರದಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದ ನನ್ನನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸುತ್ತಾರಂತೆ. ಅವತ್ತು ಅವ್ವನ ಖಣದ ಕುಬಸ ತೊಡಬೇಕು ಎಂದು ನನ್ನ ಆಸೆ. ಹಸಿರು ಖಣ, ಕೆಂಪು ಅಂಚು. ಅವ್ವ ಸಾಯುವ ವರ್ಷ ಟ್ರಂಕಿನಿಂದ ತೆಗೆದು, "ನೌಕರಿ ಮಾಡಾಕಿ ನೀ, ಯಾವುದರೆ ದೊಡ್ಡ ಕಾರ್ಯಕ್ರಮಕ್ಕ ಹೊಲಿಸ್ಕೋ" ಎಂದು ಕೊಟ್ಟಿದ್ದಳು. ಆರು ವರ್ಷ ಕಾದೆ. ಕಾರ್ಯಕ್ರಮ ಬಂತು. ಖಣವನ್ನು ಫಕ್ರುನ್ನಿಸಾಳ ಕೈಗೆ ಕೊಟ್ಟೆ.

ಫಕ್ರುನ್ನಿಸಾ ನಮ್ಮ ಓಣಿಯ ತುದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಇಪ್ಪತ್ತೆರಡು ವರ್ಷದಿಂದ ನನ್ನ ಕುಬಸಗಳನ್ನೆಲ್ಲ ಅವಳೇ ಹೊಲಿದಿದ್ದಾಳೆ. ಒಂದು ದಿನವೂ ನನ್ನ ಮೈಗೆ ಇಂಚಿನ ಟೇಪು ತಾಗಿಸಿಲ್ಲ. 2002ರಲ್ಲಿ ನಾನು ಕೊಟ್ಟ ಅಳತೆ ಕುಬಸ ಅವಳ ಅಂಗಡಿಯ ಮೊಳೆಗೆ ತೂಗಿದೆ. ಎದೆ ಸುತ್ತಳತೆ ಮೂವತ್ತೆಂಟು ಇಂಚು. ಅವಳು ಅದನ್ನು ನೋಡಿ ಕತ್ತರಿಸುತ್ತಾಳೆ, ನಾನು ತೊಡುತ್ತೇನೆ, ಬರೋಬ್ಬರಿ ಕೂಡುತ್ತದೆ. ಎಡಗಡೆ ಒಳಗೆ ನನ್ನ ಲಿಂಗದ ಕರಡಿಗೆ ಇಡಲು ಪುಟ್ಟದೊಂದು ಕಿಸೆಯನ್ನೂ ಹೊಲಿದಿರುತ್ತಾಳೆ, ನಾನು ಕೇಳದೆಯೇ.

ಇವತ್ತು ಹೋಗಿ ತೊಟ್ಟು ನೋಡಿದರೆ, ಮುಂದಿನ ಹುಕ್ಕುಗಳ ನಡುವೆ ಒಂದು ಅಂಗೈ ಅಗಲ ಬಿಟ್ಟುಕೊಂಡಿತು! ಅಂಗಡಿ ತುಂಬ ಹೆಂಗಸರು. ಅವರಲ್ಲಿ ಪ್ರಮಿಲಾ ಬೇರೆ, ನನ್ನ ಜೊತೆ ನಿವೃತ್ತಿಯಾದ ಹಿಂದಿ ಟೀಚರು. ಪರದೆಯ ಸಂದಿಯಿಂದ ಇಣುಕುತ್ತಿದ್ದಳು.

"ಬಟ್ಟಿ ಎಲ್ಲಿ ಹೋತು ಬೇ?" ಎಂದೆ.

"ಎಲ್ಲಿ ಹೋಗ್ತದ್ರಿ ಅಕ್ಕೋರ? ಅಳತಿ ಕುಬಸದ ಪ್ರಕಾರನೇ ಹೊಲ್ದೀನ್ರಿ."

"ಅದರ ಪ್ರಕಾರ ಹೊಲ್ದಿದ್ರ ಕೂಡತಿತ್ತು. ನಮ್ಮವ್ವನ ಖಣ ಕದ್ದೀದಿ ನೀ!"

ಫಕ್ರುನ್ನಿಸಾ ಕತ್ತರಿ ಕೆಳಗಿಟ್ಟಳು. ನನ್ನ ಮುಖ ನೋಡುವ ಧೈರ್ಯವಿಲ್ಲ, ಭುಜದ ಪಕ್ಕ ಗೋಡೆ ನೋಡುತ್ತ, "ಹೊಲಿಗಿ ರೊಕ್ಕ ಬ್ಯಾಡ್ರಿ" ಎಂದಳು ಅಷ್ಟೇ. ಕಳ್ಳರು ಮುಖ ನೋಡುವುದಿಲ್ಲ, ನಾನು ಮೂವತ್ತೊಂದು ವರ್ಷ ಕಾಪಿ ಹೊಡೆಯುವವರನ್ನು ಹಿಡಿದವಳು.

ಕುಬಸ ಕಸಿದುಕೊಂಡು ಮನೆಗೆ ಬಂದೆ, ಇನ್ನು ಅವಳ ಮೆಟ್ಟಿಲು ಹತ್ತುವುದಿಲ್ಲ. ಜಗತ್ತೆಲ್ಲ ರೆಡಿಮೇಡ್ ತೊಡುತ್ತದೆ. ನಾನೂ ತೊಡುತ್ತೇನೆ.

ಡಿಸೆಂಬರ್ 3, ಮಂಗಳವಾರ

ಅವಳ ಅಂಗಡಿಯ ಮುಂದೆ ಹಾಯಬಾರದೆಂದು ಹಾಲಿಗೆ ಸುತ್ತು ಹಾಕಿ ಹೋದೆ. ತಂದು ಕಾಯಿಸುವಷ್ಟರಲ್ಲಿ ಒಡೆಯಿತು. ಇದೂ ಅವಳದೇ ತಪ್ಪು.

ಡಿಸೆಂಬರ್ 8, ಭಾನುವಾರ

ಕಾಲು ಬಿಸಿನೀರಿನಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮಗಳು ವಿಜಯಶ್ರೀ ಜೇವರ್ಗಿಯಿಂದ ಬಂದು ನನ್ನನ್ನು ಕಲಬುರಗಿಗೆ ಕರೆದುಕೊಂಡು ಹೋದಳು. ನಾಲ್ಕು ಮಹಡಿಯ ಬಟ್ಟೆ ಅಂಗಡಿ. ಬಾಗಿಲಲ್ಲೇ ಮಷೀನು ಕುಂಯ್ ಎಂದಿತು. ಕಾವಲಿನ ಹುಡುಗಿ ನನ್ನ ಎದೆಯ ಹತ್ತಿರ ಕೋಲು ಆಡಿಸಿದಳು, ಮತ್ತೆ ಕುಂಯ್.

"ಒಳಗ ಏನದ್ರಿ?"

"ಲಿಂಗ ಅದ. ಬೆಳ್ಳಿ ಕರಡಿಗಿ. ನಿಂದೆಲ್ಲಿ ಅದ?"

ಹುಡುಗಿ ಕೋಲು ಕೆಳಗಿಳಿಸಿ, "ಮನ್ಯಾಗ ಇಟ್ಟೀನ್ರಿ" ಎಂದು ತಲೆ ತಗ್ಗಿಸಿದಳು. ನಮ್ಮವರೇ. "ದಿನಾ ಕಟ್ಕೋಬೇಕವ್ವಾ" ಎಂದು ಬುದ್ಧಿ ಹೇಳುತ್ತಿದ್ದೆ, ಹಿಂದೆ ಸಾಲು ಬೆಳೆಯಿತು ಎಂದು ವಿಜಯಶ್ರೀ ಎಳೆದುಕೊಂಡು ಹೋದಳು.

ಒಳಗೆ ಹೆಂಗಸರ ಬಟ್ಟೆ ಎರಡು ಮಹಡಿ. ಮೊದಲನೆಯದರಲ್ಲಿ ಭುಜಕ್ಕೆ ತೂತು ಬಿಟ್ಟ ಅಂಗಿಗಳು. ಇಲಿ ಕಡಿದಿದ್ದರೆ ನಾವು ಹಿಂದಕ್ಕೆ ಕೊಡುತ್ತಿದ್ದೆವು, ಇಲ್ಲಿ ಅದಕ್ಕೇ ಹೆಚ್ಚು ಬೆಲೆ. ಕುಬಸಗಳಿಗೆ ಬೆನ್ನೇ ಇಲ್ಲ, ಎರಡು ದಾರ ಮತ್ತು ಒಂದು ಗೊಂಡೆ. ಬೆನ್ನು ಇದ್ದದ್ದಕ್ಕೆ ತೋಳಿಲ್ಲ. ಎರಡೂ ಇದ್ದದ್ದಕ್ಕೆ ಹಿಂದೆ ಜಿಪ್ಪು. ನನ್ನ ಕೈ ಹಿಂದಕ್ಕೆ ಹೋಗದೆ ಹತ್ತು ವರ್ಷವಾಯಿತು. ಜಿಪ್ಪು ಎಳೆಯಲು ಗಂಡನನ್ನು ಕರೆಯಬೇಕೆಂದರೆ ಮೊದಲು ಅವರಿಗೆ ಕೇಳಿಸಬೇಕು.

"ವಯಸ್ಸಾದವರದು ಎಲ್ಲಿ ಇಟ್ಟೀರಿ?" ಎಂದು ಕೇಳಿದೆ. ಹುಡುಗಿಯೊಬ್ಬಳು ಮೂಲೆಗೆ ಕರೆದೊಯ್ದಳು. ಆ ಕಡೆ ಸೂಟ್‌ಕೇಸು, ಈ ಕಡೆ ಕಾಲೊರಸು, ನಡುವೆ ನಾವು. ಅಲ್ಲಿ ಇದ್ದದ್ದೆಲ್ಲ ಕಂದು, ಬೂದಿ, ಮತ್ತು ಚಹಾ ಚೆಲ್ಲಿದ ಬಣ್ಣ.

"ಹಸಿರು ಇಲ್ಲೇನವ್ವಾ? ಕೆಂಪು?"

"ಆಂಟಿ, ನಿಮ್ಮ ಏಜಿಗೆ ಇವು ಸೋಬರ್ ಕಾಣ್ತಾವ್ರಿ."

ಅರವತ್ತಮೂರು ವರ್ಷ ಬದುಕಿದ್ದಕ್ಕೆ ಸಿಕ್ಕ ಬಹುಮಾನ ಚಹಾದ ಬಣ್ಣ! ಸಿಟ್ಟು ನುಂಗಿಕೊಂಡು ಮೂವತ್ತೆಂಟರ ಕುಬಸ ಕೇಳಿದೆ. ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಲವತ್ತೆರಡರದು ತಂದಳು. ನಾನು ಮೂವತ್ತೆಂಟೇ ಎಂದೆ. ಟ್ರಯಲ್ ರೂಮಿನಲ್ಲಿ ಅದರೊಳಗೆ ಬಲಗೈ ಹೋಯಿತು, ಎಡಗೈ ಹೋಗಲಿಲ್ಲ. ಕಿಸೆಯಂತೂ ಇರಲೇ ಇಲ್ಲ.

ಹೊರಗೆ ದೂರಿನ ಪುಸ್ತಕ ಇಟ್ಟಿದ್ದರು. ಬರೆದೆ: "ನಿಮ್ಮ ಕಂಪನಿಯ ಇಂಚು ಸಣ್ಣದಾಗಿದೆ. ಒಂದು ಇಂಚು ಎಂದರೆ 2.54 ಸೆಂಟಿಮೀಟರು. ದಯವಿಟ್ಟು ನಿಮ್ಮ ಟೇಪು ಪರೀಕ್ಷಿಸಿ. ಶಿವಕಾಂತಾ, ನಿವೃತ್ತ ಗಣಿತ ಶಿಕ್ಷಕಿ." ವಿಜಯಶ್ರೀ ಕಾಲೊರಸು ನೋಡುವವರ ಹಾಗೆ ದೂರ ನಿಂತಿದ್ದಳು.

ಡಿಸೆಂಬರ್ 11, ಬುಧವಾರ

ಸಂತೆಯಲ್ಲಿ ಫಕ್ರುನ್ನಿಸಾ ಎದುರಿಗೆ ಬಂದಳು. ಎರಡು ಮಾರು ದೂರ. ನೇರ ನನ್ನ ಮುಖಕ್ಕೇ ಮುಖ ಕೊಟ್ಟು, ಮಾತಿಲ್ಲ, ನಗೆಯಿಲ್ಲ, ಬದನೆಕಾಯಿಯ ಗಾಡಿಗೆ ಡಿಕ್ಕಿ ಹೊಡೆದು ಮುಂದೆ ಹೋದಳು. ಎಂಥ ಸೊಕ್ಕು! ನನ್ನನ್ನು ನೋಡದ ಹಾಗೆ ನಟಿಸಲು ಗಾಡಿಗೂ ಹಾಯುತ್ತಾಳೆ.

ಪ್ರಮಿಲಾ ಫೋನು ಮಾಡಿದ್ದಳು. ಅವಳ ಹಳದಿ ಕುಬಸಕ್ಕೆ ಫಕ್ರುನ್ನಿಸಾ ನೀಲಿ ದಾರ ಹಾಕಿದ್ದಾಳಂತೆ. ಕೆಲಸದ ಮೇಲೆ ಲಕ್ಷ್ಯವಿಲ್ಲ ಎಂದು ಇಬ್ಬರೂ ಮುಕ್ಕಾಲು ಗಂಟೆ ಮಾತನಾಡಿದೆವು. ಮನಸ್ಸಿಗೆ ಹಿತವಾಗಬೇಕಿತ್ತು, ಆಗಲಿಲ್ಲ.

ಡಿಸೆಂಬರ್ 15, ಭಾನುವಾರ

ಇದನ್ನು ಬರೆಯಬಾರದು. ಬರೆಯುತ್ತೇನೆ.

ಗುರುವಂದನೆಯ ಮುಖಂಡ ಕಲ್ಲಿನಾಥ. ಜೇವರ್ಗಿಯಲ್ಲಿ ಹೊಸದಾಗಿ ಎರಡು ಮಹಡಿಯ ಬಟ್ಟೆ ಅಂಗಡಿ ತೆಗೆದಿದ್ದಾನೆ. "ಅಕ್ಕೋರ, ನಮ್ಮಲ್ಲಿ ಬರ್ರಿ, ಸಿಗಲಾರದ್ದು ಏನೂ ಇಲ್ಲ" ಎಂದು ಕರೆದ. ಹೋದೆ. ಹಸಿರು ಕುಬಸ, ಮೂವತ್ತೆಂಟು, ಎಳೆದರೆ ಹಿಗ್ಗುವ ಬಟ್ಟೆ, ತಲೆಯ ಮೇಲಿಂದ ಹಾಕಿಕೊಳ್ಳುವುದು. ಹಿಗ್ಗುತ್ತದೆ ಎಂದು ಬರೆದಿತ್ತು, ಹಿಗ್ಗಿತು ಕೂಡ, ಆದರೆ ತೋಳಿನ ಹತ್ತಿರ ಬಂದು ನಿಂತಿತು. ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಎರಡೂ ಕೈ ಮೇಲೆ, ಮುಖ ಹಸಿರು ಬಟ್ಟೆಯ ಒಳಗೆ. ಕಾಲು ಗಂಟೆ ಹಾಗೆಯೇ ನಿಂತೆ.

ಹೊರಗಿನಿಂದ ಕಲ್ಲಿನಾಥ, "ಅಕ್ಕೋರ, ಬರೋಬ್ಬರಿ ಆತೇನ್ರಿ?" ಎಂದ.

"ಆಗಾಕತ್ತದ" ಎಂದೆ, ಬಟ್ಟೆಯ ಒಳಗಿನಿಂದ.

ಒಂಬತ್ತನೆಯ ತರಗತಿಯಲ್ಲಿ ಅಳತೆಯ ಪಾಠ ಬಾರದೆ ಹೋದಾಗ ಇದೇ ಕಲ್ಲಿನಾಥನನ್ನು ಇಡೀ ಪೀರಿಯಡ್ಡು ಕೈ ಮೇಲೆತ್ತಿ ನಿಲ್ಲಿಸಿದ್ದೆ. ಅದು ನೆನಪಾಯಿತು. ಕಡೆಗೆ ನನ್ನ ಜೊತೆಗಿದ್ದ ವಿಜಯಶ್ರೀ ಒಳಗೆ ಬಂದು, ನನ್ನನ್ನು ನೋಡಿ, ನಗು ತಡೆಯಲು ಗೋಡೆಗೆ ಹಣೆ ಹಚ್ಚಿದಳು. ಅಂಗಡಿಯ ಹೆಂಗಸು ಕತ್ತರಿ ತಂದು ಪಕ್ಕದಲ್ಲಿ ಸೀಳಿದ ಮೇಲೆ ಉಸಿರು ಬಂತು.

ಕಲ್ಲಿನಾಥ ರೊಕ್ಕ ತೆಗೆದುಕೊಳ್ಳಲಿಲ್ಲ. "ಬಟ್ಟಿನೇ ಸರಿ ಇಲ್ರಿ ಅಕ್ಕೋರ" ಎಂದ. ಒಳ್ಳೆಯ ಹುಡುಗ. ಆದರೆ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅಳು ಬಂತು. ಇಡೀ ಕಲಬುರಗಿ ಜಿಲ್ಲೆಯಲ್ಲಿ ನನಗೊಂದು ಕುಬಸವಿಲ್ಲ.

ಡಿಸೆಂಬರ್ 20, ಶುಕ್ರವಾರ

ವಿಜಯಶ್ರೀ ಮೊಬೈಲಿನಲ್ಲಿ ತರಿಸಿದ ಕುಬಸ ಬಂತು. ಫೋಟೋದಲ್ಲಿ ಹಸಿರು, ಕೈಯಲ್ಲಿ ಬಾಡಿದ ಹಾಗಲಕಾಯಿಯ ಬಣ್ಣ. ಹತ್ತೊಂಬತ್ತು ವರ್ಷದ ಹುಡುಗಿಗೆ ಹೊಲಿದದ್ದು, ಅವಳೂ ಊಟ ಬಿಟ್ಟಿರಬೇಕು. ಯಜಮಾನರು ಮಷೀನು ಹಾಕಿಕೊಂಡು, "ನಲವತ್ತೆರಡರದು ಒಮ್ಮಿ ತೊಟ್ಟು ನೋಡಬಾರದಾ?" ಎಂದರು. ನಾನೇ ಅವರ ಮಷೀನು ತೆಗೆದು ಟೇಬಲ್ ಮೇಲೆ ಇಟ್ಟೆ.

ಡಿಸೆಂಬರ್ 24, ಮಂಗಳವಾರ

ಹಳೆಯ ಕುಬಸದ ಕಿಸೆಯ ಹೊಲಿಗೆ ಬಿಚ್ಚಿ ಪೂಜೆಯ ಹೊತ್ತಿಗೆ ಕರಡಿಗೆ ಜಾರಿತು. ನಾನೇ ಹೊಲಿದೆ. ಬೆರಳಿಗೆ ಮೂರು ಸಲ ಚುಚ್ಚಿತು, ಕಿಸೆ ಸೊಟ್ಟಗಾಯಿತು. ಫಕ್ರುನ್ನಿಸಾ ಇದ್ದಿದ್ದರೆ ಎರಡು ನಿಮಿಷ. ಚಹಾ ಬೇರೆ ತರಿಸುತ್ತಿದ್ದಳು.

ಅವಳ ಹೆಸರು ಯಾಕೆ ಬರೆದೆನೋ.

ಡಿಸೆಂಬರ್ 29, ಭಾನುವಾರ

ಇವತ್ತು ಅವಳ ಕಳ್ಳತನವನ್ನು ಲೆಕ್ಕ ಮಾಡಿ ಸಾಬೀತು ಮಾಡೋಣವೆಂದು ಕೂತೆ. ಅವಳು ಹೊಲಿದದ್ದರಲ್ಲಿ ಒಂಬತ್ತು ಕುಬಸ ಮನೆಯಲ್ಲಿವೆ. ಯಾವುದು ಯಾವ ವರ್ಷದ್ದು ಎಂದು ನನಗೆ ಚೆನ್ನಾಗಿ ನೆನಪಿದೆ. ಸಾಲಾಗಿ ಹಾಸಿಗೆಯ ಮೇಲೆ ಹಾಸಿದೆ, ಟೇಪು ತೆಗೆದೆ. ವರ್ಷ ಹೋದ ಹಾಗೆ ಎಷ್ಟೆಷ್ಟು ಬಟ್ಟೆ ಕಡಿಮೆಯಾಗುತ್ತ ಬಂದಿದೆ ಎಂದು ಕೋಷ್ಟಕ ಮಾಡಿ ಅವಳ ಅಂಗಡಿಯ ಗೋಡೆಗೆ ಅಂಟಿಸುವ ಯೋಚನೆ ಇತ್ತು.

ಮೊದಲನೆಯದು ಮೂವತ್ತೆಂಟೂವರೆ. ಎರಡನೆಯದು ಮೂವತ್ತೊಂಬತ್ತು. ಮೂರನೆಯದು ಮೂವತ್ತೊಂಬತ್ತೂವರೆ.

ಟೇಪು ಬದಲಿಸಿದೆ. ಕಂಪಾಸ್ ಪೆಟ್ಟಿಗೆಯ ಸ್ಕೇಲು ತಂದೆ. ಒಂಬತ್ತನೆಯದಕ್ಕೆ ಬಂದಾಗ ನಲವತ್ತೆರಡೂವರೆ. ಮೊದಲ ಪದ ಮೂವತ್ತೆಂಟೂವರೆ, ಸಾಮಾನ್ಯ ವ್ಯತ್ಯಾಸ ಅರ್ಧ. ಹತ್ತನೆಯ ತರಗತಿಯ ಸಮಾಂತರ ಶ್ರೇಢಿ, ನನ್ನ ಹಾಸಿಗೆಯ ಮೇಲೆ.

ಆಮೇಲೆ ಅವ್ವನ ಖಣದ ಕುಬಸ ತೆಗೆದು ಒಳಮಗ್ಗುಲು ಹೊರಗೆ ಮಾಡಿದೆ. ಎರಡೂ ಪಕ್ಕೆಯ ಹೊಲಿಗೆಯಲ್ಲಿ, ಮುಂದಿನ ಪದರಕ್ಕೂ ಹಿಂದಿನ ಪದರಕ್ಕೂ ಒಂದೂಕಾಲು ಇಂಚು ಬಟ್ಟೆ ಮಡಚಿಟ್ಟಿದ್ದಾಳೆ. ಒಂದೂಕಾಲು ನಾಲ್ಕಲೆ ಐದು. ಒಂದು ಚೂರೂ ಎಲ್ಲಿಗೂ ಹೋಗಿಲ್ಲ. ಎಡಗಡೆ ಕಿಸೆಯೂ ಇದೆ. ಅವತ್ತು ಸಿಟ್ಟಿನಲ್ಲಿ ನೋಡಿರಲೇ ಇಲ್ಲ.

ನಾಳೆ ಎಳ್ಳಮವಾಸ್ಯೆ. ಹೊಲಕ್ಕೆ ಒಯ್ಯುವ ಭಜ್ಜಿ ಪಲ್ಯಕ್ಕೆ ಕಾಳು ನೆನೆಹಾಕಬೇಕು.

ಡಿಸೆಂಬರ್ 30, ಸೋಮವಾರ, ಎಳ್ಳಮವಾಸ್ಯೆ

ಊರಿಗೆ ಊರೇ ಹೊಲಕ್ಕೆ ಹೊರಟಿತ್ತು. ನಮ್ಮದು ಮಣ್ಣೂರಿನ ಹೊಲ. ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಎಲ್ಲ ಜೀಪಿಗೆ ಏರಿಸಿದೆ. ಇನ್ನೂ ಒಂದು ಡಬ್ಬಿ ಕೈಯಲ್ಲಿ ಉಳಿದಿತ್ತು. ಪ್ರತಿ ವರ್ಷ ಫಕ್ರುನ್ನಿಸಾಳ ಮನೆಗೆ ಹೋಗುವ ಡಬ್ಬಿ. ಕೈಗೆ ರೂಢಿ, ತುಂಬಿಬಿಟ್ಟಿದೆ. ತುಂಬಿದ್ದನ್ನು ಏನು ಮಾಡುವುದು? ಜೀಪು ನಿಲ್ಲಿಸಿ, ಒಂದು ನಿಮಿಷ ಎಂದು ಇಳಿದೆ.

ಫಕ್ರುನ್ನಿಸಾ ಒಬ್ಬಳೇ ಹೊಸ್ತಿಲಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಸೂಜಿಯಿಂದ ಎರಡು ಬೆರಳು ಆಚೆ ಹೋಗುತ್ತಿತ್ತು. ನಾನು ಮುಂದೆ ಬಂದು ನಿಂತರೂ ತಲೆ ಎತ್ತಿ, "ಯಾರ್ರಿ?" ಎಂದಳು. ಆಮೇಲೆ ಮೂಗು ಅರಳಿಸಿ, "ಭಜ್ಜಿ ವಾಸನಿ ಬರಾಕತ್ತದ. ಅಕ್ಕೋರ ಏನ್ರಿ?"

ಎರಡೂ ಕಣ್ಣಿಗೆ ಮೋತಿಬಿಂದು, ಪೊರೆ ಕಟ್ಟಿದೆ. ಆರು ತಿಂಗಳಾಯಿತಂತೆ. ಗೊತ್ತಾದರೆ ಗಿರಾಕಿ ಬರುವುದಿಲ್ಲ ಎಂದು ಯಾರಿಗೂ ಹೇಳಿಲ್ಲ. ಹಾಗಾದರೆ ಬದನೆಕಾಯಿ ಗಾಡಿ. ಹಾಗಾದರೆ ಅವತ್ತು ನನ್ನ ಭುಜದ ಪಕ್ಕದ ಗೋಡೆ.

"ಮದಲೆಲ್ಲ ನೀವು ಬಾಗಲದಾಗ ಬರೂದು ನೋಡಿ ಕತ್ರಿ ಹಾಕ್ತಿದ್ದೆ. ಅಳತಿ ಕುಬಸ ಸುಮ್ನ ಮೊಳಿಗೆ ಇರ್ತಿತ್ತು. ಈ ಸಲ ನೀವು ಕಾಣಲೇ ಇಲ್ರಿ. ಅದನ್ನೇ ಮುಟ್ಟಿ ಮುಟ್ಟಿ ಹೊಲ್ದೀನಿ. ಖರೇ ಅಂದ್ರ, ನಿಮ್ಮವ್ವನ ಖಣ ಕತ್ತರಿಸಾಕ ಕೈ ಬರಲಿಲ್ಲ, ಒಳಗ ಮಡಚಿಟ್ಟೀನಿ."

"ಇಪ್ಪತ್ತೆರಡು ವರ್ಷ ನನಗ್ಯಾಕ ಹೇಳಲಿಲ್ಲ ಬೇ, ದಪ್ಪ ಆಗಾಕತ್ತೀನಿ ಅಂತ?"

"ಮೂವತ್ತೆಂಟೇ ಅದ ನಂದು ಅಂತ ಎಲ್ಲಾರ ಮುಂದ ಹೇಳ್ತಿದ್ರಿ. ಎಷ್ಟ್ ಖುಷಿ ಇರ್ತಿತ್ತು ಮಾರಿ. ನಾ ಯಾಕ್ರಿ ಕೆಡಸ್ಲಿ?"

ತಪ್ಪಾಯಿತು ಎನ್ನುವ ಮಾತು ಗಂಟಲಿಗೆ ಬಂದಿತ್ತು. ಬಾಯಿಂದ ಬಂದದ್ದು, "ಭಜ್ಜಿಗೆ ಉಪ್ಪು ಕಡಿಮಿ ಆಗಿರಬೇಕು, ನೋಡು." ಸೂಜಿ ಇಸಿದುಕೊಂಡು ದಾರ ಪೋಣಿಸಿ ಕೊಟ್ಟೆ. ಪೆಟ್ಟಿಗೆಯಲ್ಲಿದ್ದ ಉಳಿದ ಸೂಜಿಗಳಿಗೂ ಪೋಣಿಸಿದೆ, ಬಣ್ಣ ಹೇಳಿ ಹೇಳಿ ಇಟ್ಟೆ. ಎದ್ದು ನೋಡಿದರೆ ಜೀಪು ಹೋಗಿ ಒಂದು ಗಂಟೆಯಾಗಿತ್ತು.

ಡಿಸೆಂಬರ್ 31, ಮಂಗಳವಾರ

ಸಂಜೆ ಐದಕ್ಕೆ, ಅಂಗಡಿ ತುಂಬ ಹೆಂಗಸರು ಇರುವ ಹೊತ್ತು ನೋಡಿ ಹೋದೆ. ಪ್ರಮಿಲಾ ನೀಲಿ ದಾರದ ಜಗಳ ತಂದಿದ್ದಳು. ಇರಲಿ, ಬೇಕಾಗಿದ್ದಳು.

"ಫಕ್ರುನ್ನಿಸಾ, ಟೇಪು ಹಿಡಿ" ಎಂದೆ.

ಅವಳು ತಡವರಿಸಿದಳು. ಹತ್ತಿರ ಬಂದು ಕಿವಿಯಲ್ಲಿ, "ಟೇಪ್ ಓದಾಕ ಬರಂಗಿಲ್ರಿ ಅಕ್ಕೋರ, ಕಾಣಂಗಿಲ್ಲ" ಎಂದಳು.

"ನೀ ಹಿಡಿ. ಓದಾಕ ನಾ ಇದ್ದೀನಿ."

ಹಿಡಿದಳು. ನಾನು ಕನ್ನಡಕ ಏರಿಸಿ, ಹಿಂದಿನ ಬೆಂಚಿನವರೆಗೆ ಮುಟ್ಟುವ ನನ್ನ ಹಳೆಯ ದನಿಯಲ್ಲಿ ಓದಿದೆ: "ನಲವತ್ತೆರಡೂವರಿ!"

ಪ್ರಮಿಲಾ ಕೈಯಲ್ಲಿದ್ದ ಹಳದಿ ಕುಬಸ ಕೆಳಗಿಟ್ಟಳು.

"ಎಲ್ಲಾರೂ ಕೇಳಿಸ್ಕೊಳ್ರಿ. ನಂದು ನಲವತ್ತೆರಡೂವರಿ. ನಮ್ಮವ್ವನ ಖಣ ಒಂದು ಗೇಣೂ ಕಳುವಾಗಿಲ್ಲ, ಕುಬಸದಾಗೇ ಅದ. ಈಕಿಗೆ ಕಳ್ಳಿ ಅಂದದ್ದು ನಂದು ತಪ್ಪು. ಈಕಿಗೆ ಕಣ್ಣಿನ ಆಪರೇಶನ್ ಆಗೂತನಕ ದಿನಾ ಸಂಜಿಕ ನಾ ಬಂದು ಟೇಪು ಓದ್ತೀನಿ, ದಾರದ ಬಣ್ಣ ನೋಡ್ತೀನಿ. ಯಾರೂ ಬ್ಯಾರೆ ಕಡೆ ಹೋಗಬ್ಯಾಡ್ರಿ."

ಪ್ರಮಿಲಾ ಮಿಕಿಮಿಕಿ ನೋಡಿ, "ಹಂಗಾರ ನಂದೂ ಒಮ್ಮಿ ಹಿಡೀರಿ. ನಂದೂ ಮೂವತ್ತಾರು ಅಂತ ಬಹಳ ವರ್ಷ ಆತು" ಎಂದಳು. ಹಿಡಿದೆವು. ಸಂಖ್ಯೆ ಇಲ್ಲಿ ಬರೆಯುವುದಿಲ್ಲ. ಆದರೆ ನನಗಿಂತ ಹೆಚ್ಚು.

ಜನವರಿ 12, 2025, ಭಾನುವಾರ

ಹೊಸ ಡೈರಿ, ಅದೇ ಬ್ಯಾಂಕು.

ಗುರುವಂದನೆ ಆಯಿತು. ಪಕ್ಕೆಯ ಹೊಲಿಗೆ ನಾನು ಬಿಚ್ಚಿದೆ, ಅವಳು ಬೆರಳಿನಿಂದ ಹುಡುಕಿ ಹುಡುಕಿ ಹೊಲಿದಳು. ಅವ್ವನ ಖಣ ಬರೋಬ್ಬರಿ ಕೂಡಿತು, ಉಸಿರು ತೆಗೆದುಕೊಳ್ಳಲು ಅರ್ಧ ಇಂಚು ಹೆಚ್ಚೇ. ಕಲ್ಲಿನಾಥ ಶಾಲು ಹೊದಿಸಲು ಬಂದ. ಅವನ ಕೈ ಹಿಡಿದು ತಡೆದೆ. ಆರು ವರ್ಷ ಕಾದ ಕುಬಸ ಎಲ್ಲರಿಗೂ ಕಂಡ ಮೇಲೆ ಹೊದಿಸಿಕೊಂಡೆ. ಮುಂದಿನ ಸಾಲಿನಲ್ಲಿ ಫಕ್ರುನ್ನಿಸಾಳನ್ನು ಕೂರಿಸಿದ್ದೆ. ಅವಳು ಚಪ್ಪಾಳೆ ತಟ್ಟಿದ್ದು ಬೇರೆ ಟೀಚರಿಗೆ, ಆದರೂ ಬಹಳ ಜೋರಾಗಿ ತಟ್ಟಿದಳು.

ಜನವರಿ 24, ಶುಕ್ರವಾರ

ಕಲಬುರಗಿಯ ದವಾಖಾನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ಫಕ್ರುನ್ನಿಸಾಳ ಬಲಗಣ್ಣಿನ ಆಪರೇಶನ್ ಆಯಿತು. ಇವತ್ತು ಬೆಳಿಗ್ಗೆ ಪಟ್ಟಿ ಬಿಚ್ಚುವುದಿತ್ತು. ನರ್ಸು ಪಟ್ಟಿ ತೆಗೆದು, "ಡಾಕ್ಟರ್ ಬರತಾರ, ಸಾವಕಾಶ ಕಣ್ಣ ತೆಗೀರಿ" ಎಂದು ಹೋದಳು. ಏನಾದರೂ ಹೆಚ್ಚುಕಡಿಮೆ ಆಗಿದ್ದರೆ?

ಅವಳು ಕಣ್ಣು ತೆರೆದಳು. ನೀರು ಒರೆಸಿಕೊಂಡಳು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದಳು. ಎಳ್ಳಮವಾಸ್ಯೆಯ ಹೋಳಿಗೆ, ಸಂಕ್ರಾಂತಿಯ ಮಾದಲಿ, ಎಲ್ಲ ನನ್ನ ಮೈಮೇಲೆ ಇತ್ತು, ನನಗೆ ಗೊತ್ತು.

"ಕಾಣ್ತದೇನು?" ಎಂದೆ.

"ಕಾಣ್ತದ್ರಿ ಅಕ್ಕೋರ."

"ಹಂಗಾರ ಹೇಳು. ಎಷ್ಟಾಗೀನಿ?"

ಅವಳು ಇನ್ನೊಮ್ಮೆ ನೋಡಿದಳು.

"ಮೂವತ್ತೆಂಟ್ರಿ" ಎಂದಳು.

ಆಮೇಲೆ ಡಾಕ್ಟರು ಬಂದು ಅಕ್ಷರದ ಪಟ ತೋರಿಸಿ, ಕಣ್ಣು ಚೆನ್ನಾಗಿ ಬಂದಿದೆ ಎಂದರು. ಅದು ನನಗೆ ಆಗಲೇ ಗೊತ್ತಾಗಿತ್ತು.